ಸ್ತ್ರೀಶರೀರದಲ್ಲಿ ಜರೆ, ಮೇದಸ್ಸು ಮತ್ತು ಹಾರ್ಮೋನು

೧. ವಿಷಯಪ್ರವೇಶ

ಒಡಲೆಂಬ ಅರ್ಥದಲ್ಲಿ ಸಂಸ್ಕೃತದಿಂದ ಕನ್ನಡಕ್ಕೆ ಬಂದು ನೆಲೆನಿಂತ ಶಬ್ದಗಳಲ್ಲಿ ‘ದೇಹ’, ‘ಶರೀರ’ ಎಂಬಿವೆರಡು ಮುಖ್ಯವಾದವು. ಲೋಕವ್ಯವಹಾರದಲ್ಲಿ ಇವು ಪರ್ಯಾಯಪದಗಳು. ಆದರೆ ಧಾತುವನ್ನು ಹಿಡಿದು ನೋಡಿದರೆ ಒಂದೇ ವಸ್ತುವನ್ನು ಎರಡು ಬೇರೆ ದೃಷ್ಟಿಗಳಿಂದ ಹೇಳುವ ಹೆಸರುಗಳೆಂದು ತಿಳಿಯುತ್ತದೆ. ‘ದಿಹ್’ ಧಾತುವಿಗೆ ಉಪಚಯ, ಎಂದರೆ ಕೂಡಿಕೊಂಡು ಬೆಳೆಯುವಿಕೆ ಎಂದು ಅರ್ಥ. ‘ಶೄ’ ಧಾತುವಿನಿಂದ ಬಂದ ಶರೀರಶಬ್ದಕ್ಕೆ ಶೀರ್ಣವಾಗತಕ್ಕದ್ದು, ಸವೆದುಹೋಗತಕ್ಕದ್ದು ಎಂದು ಶಾಸ್ತ್ರಕಾರರು ಅರ್ಥವನ್ನು ಹೇಳಿದರು. ಬೆಳೆಯುವುದರಿಂದ ದೇಹ, ಸವೆಯುವುದರಿಂದ ಶರೀರ.

ಈ ಎರಡು ವ್ಯಾಪಾರಗಳಿಗೆ ಪರಸ್ಪರ ಸಂಬಂಧವುಂಟೇ, ಎಂದರೆ ಒಡಲಿನ ತೂಕಕ್ಕೂ ಅದರ ಮುಪ್ಪಿಗೂ ಕಾರ್ಯಕಾರಣಭಾವವಿದೆಯೇ ಎಂಬುದು ಈಚಿನ ಜೀವವಿಜ್ಞಾನದಲ್ಲಿ ಬಹಳವಾಗಿ ವಿಚಾರಿಸಲ್ಪಟ್ಟ ಪ್ರಶ್ನೆ. ಸ್ತ್ರೀಯರ ವಿಷಯದಲ್ಲಿ ಈ ಪ್ರಶ್ನೆಗೆ ಮೂರನೆಯದೊಂದು ಅಂಗ ಸೇರಿಕೊಳ್ಳುತ್ತದೆ. ಅದು ಹಾರ್ಮೋನುಗಳೆಂಬ ಅಂತಃಸ್ರಾವಗಳು. ಈ ಮೂರರ ಸಂಬಂಧದಲ್ಲಿ ಯಾವುದು ಪರೀಕ್ಷೆಯಿಂದ ಸಿದ್ಧವಾಗಿದೆ, ಯಾವುದು ಕೇವಲ ಸಂಭಾವ್ಯ, ಯಾವುದು ಉತ್ಪ್ರೇಕ್ಷೆ ಎಂಬುದನ್ನು ವಿಂಗಡಿಸುವುದು ಈ ಲೇಖನದ ಉದ್ದೇಶ. ವಿಂಗಡಣೆ ಅವಶ್ಯಕವಾದುದು ಏಕೆಂದರೆ, ಈ ಮೂರು ಬಗೆಯ ಮಾತುಗಳು ಬೆರೆತುಹೋದ ಕಾಲದಲ್ಲಿ ಅದರ ಫಲವನ್ನು ಅನುಭವಿಸಿದವರು ಲಕ್ಷಾಂತರ ಸ್ತ್ರೀಯರು.

೨. ಕೋಶಕ್ಕೆ ಮುಪ್ಪುಂಟೆಂಬ ನಿರ್ಣಯ

ಒಡಲಿಗೆ ಮುಪ್ಪುಂಟೆಂಬುದು ಪ್ರತ್ಯಕ್ಷಸಿದ್ಧ. ಒಡಲು ಯಾವುದರಿಂದ ಕಟ್ಟಲ್ಪಟ್ಟಿದೆಯೋ ಆ ಒಂದೊಂದು ಜೀವಕೋಶಕ್ಕೂ ಮುಪ್ಪುಂಟೇ ಎಂಬುದು ಮಾತ್ರ ಬಹುಕಾಲ ವಿವಾದದಲ್ಲಿತ್ತು. ೧೯೧೨ರಲ್ಲಿ ಅಲೆಕ್ಸಿಸ್ ಕಾರೆಲ್ ಎಂಬ ವಿಜ್ಞಾನಿ ಕೋಳಿಮರಿಯ ಹೃದಯದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ತೊಡಗಿದನು. ಅವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬದುಕಿದವೆಂಬ ವಾರ್ತೆಯಿಂದ, ಕೋಶವು ತಾನಾಗಿ ಅಮರವಾದದ್ದು, ಮುಪ್ಪು ಒಡಲಿನ ಸಂಘಾತದಲ್ಲಿ ಮಾತ್ರ ಹುಟ್ಟುವ ದೋಷ ಎಂಬ ಮತವು ನೆಲೆಗೊಂಡಿತು.

೧೯೬೧ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಲಿಯೊನಾರ್ಡ್ ಹೇಫ್ಲಿಕ್, ಪಾಲ್ ಮೂರ್‌ಹೆಡ್ ಎಂಬಿಬ್ಬರು ಈ ಮತವನ್ನು ಖಂಡಿಸಿದರು. ಮನುಷ್ಯನ ಸಾಮಾನ್ಯ ಕೋಶವು ಸುಮಾರು ಐವತ್ತು ಸಲ ಇಬ್ಭಾಗವಾಗಿ, ಅನಂತರ ಆ ಕೆಲಸವನ್ನು ನಿಲ್ಲಿಸಿಬಿಡುತ್ತದೆಂದು ಅವರು ತೋರಿಸಿಕೊಟ್ಟರು. ಹಾಗಾದರೆ ಕೋಶವು ತನ್ನ ವಿಭಜನೆಗಳನ್ನು ಎಣಿಸುವುದು ಯಾವುದರಿಂದ? ಉತ್ತರವು ವರ್ಣತಂತುಗಳ ತುದಿಯಲ್ಲಿ ದೊರೆಯಿತು. ಆ ತುದಿಗೆ ಹರ್ಮನ್ ಮುಲ್ಲರ್ ಎಂಬ ವಿದ್ವಾಂಸನು ೧೯೩೮ರಲ್ಲಿಯೇ ‘ಟೆಲೊಮಿಯರ್’ ಎಂದು ಹೆಸರಿಟ್ಟಿದ್ದನು. ಗ್ರೀಕ್ ಭಾಷೆಯಲ್ಲಿ ‘ಟೆಲೊಸ್’ ಎಂದರೆ ಅಂತ್ಯ, ‘ಮೆರೊಸ್’ ಎಂದರೆ ಭಾಗ. ಆದಕಾರಣ ಕನ್ನಡದಲ್ಲಿ ಇದನ್ನು ಅಂತ್ಯಭಾಗವೆನ್ನಬಹುದು. ಸೀರೆಯ ಸೆರಗಿನ ಎಳೆಗಳು ಬಿಚ್ಚಿಹೋಗದಂತೆ ಕೊನೆಯಲ್ಲಿ ಕುಚ್ಚು ಕಟ್ಟುವ ರೂಢಿಯಿದೆಯಷ್ಟೆ. ಅಂತ್ಯಭಾಗವು ವರ್ಣತಂತುವಿಗೆ ಅಂಥದೊಂದು ಕುಚ್ಚು. ಮನುಷ್ಯನಲ್ಲಿ ಆರು ಅಕ್ಷರಗಳ ಒಂದು ಚಿಕ್ಕ ಸಮೂಹವು ಸಾವಿರಾರು ಸಲ ಆವೃತ್ತವಾಗಿ ಅದು ಆಗಿರುತ್ತದೆ. ಕೋಶವು ಒಂದೊಂದು ಸಲ ಇಬ್ಭಾಗವಾದಾಗಲೂ ಕುಚ್ಚು ಸ್ವಲ್ಪ ಸ್ವಲ್ಪ ಸವೆಯುತ್ತದೆ. ತೀರ ಸವೆದಾಗ ಕೋಶವು ವಿಭಜನೆಯನ್ನು ನಿಲ್ಲಿಸುತ್ತದೆ, ಇಲ್ಲವೆ ಸಾಯುತ್ತದೆ.

ಈ ಸವೆತವನ್ನು ಮರಳಿ ತುಂಬುವ ‘ಟೆಲೊಮರೇಸ್’ ಎಂಬ ಕಿಣ್ವವನ್ನು ೧೯೮೪ರಲ್ಲಿ ಕೆರೆಕುಂಟೆಗಳ ನೀರಿನಲ್ಲಿರುವ ಒಂದು ಏಕಕೋಶಜೀವಿಯಲ್ಲಿ ಕಂಡುಹಿಡಿದವರು ಎಲಿಜಬೆತ್ ಬ್ಲಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಎಂಬ ಇಬ್ಬರು ಮಹಿಳೆಯರು. ಜ್ಯಾಕ್ ಸೊಸ್ಟಾಕರೊಡನೆ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಕೋಶದ ವಯಸ್ಸನ್ನು ಅಳೆಯುವ ಇನ್ನೊಂದು ಮಾನವನ್ನು ಸ್ಟೀವ್ ಹೋರ್ವತ್ ಎಂಬ ವಿಜ್ಞಾನಿ ೨೦೧೩ರಲ್ಲಿ ಪ್ರಕಟಿಸಿದನು. ಆನುವಂಶಿಕ ಬರಹದ ಅಕ್ಷರಗಳು ಜೀವನದುದ್ದಕ್ಕೂ ಬಹುಮಟ್ಟಿಗೆ ಹಾಗೆಯೇ ಇದ್ದರೂ, ಅವುಗಳ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಬೀಳುತ್ತಲೂ ಅಳಿಯುತ್ತಲೂ ಇರುತ್ತವೆ. ವೇದದ ಹಸ್ತಪ್ರತಿಯಲ್ಲಿ ಅಕ್ಷರದ ಮೇಲೂ ಕೆಳಗೂ ಇರುವ ಸ್ವರದ ಗೆರೆಗಳನ್ನು ಇವಕ್ಕೆ ಹೋಲಿಸಬಹುದು. ಅಕ್ಷರ ಅದೇ ಆದರೂ ಗೆರೆ ಬದಲಾದರೆ ಪಾಠಕ್ರಮವು ಬದಲಾಗುತ್ತದೆ. ಅಂಥ ೩೫೩ ಸ್ಥಾನಗಳ ಗುರುತುಗಳನ್ನು ನೋಡಿ ಕೋಶದ ವಯಸ್ಸನ್ನು ಅಂದಾಜು ಮಾಡುವ ಕ್ರಮವಿದು. ಹುಟ್ಟಿದ ದಿನದಿಂದ ಎಣಿಸಿದ ವಯಸ್ಸಿಗಿಂತ ಈ ವಯಸ್ಸು ಹೆಚ್ಚಾಗಿ ಕಂಡರೆ ಮುಪ್ಪು ಬೇಗನೆ ಅಡಿಯಿಡುತ್ತಿದೆಯೆಂದು ಊಹಿಸುತ್ತಾರೆ.

೩. ಹಾರ್ಮೋನುಗಳ ಪಾತ್ರ

ಹಾರ್ಮೋನು ಎಂಬ ಶಬ್ದವನ್ನು ೧೯೦೫ರಲ್ಲಿ ಲಂಡನ್ನಿನ ಉಪನ್ಯಾಸವೊಂದರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬವನು ಬಳಕೆಗೆ ತಂದನು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಕ್ರಿಯಾಪದವು ಇದರ ಮೂಲ. ಒಂದು ಗ್ರಂಥಿಯಲ್ಲಿ ಹುಟ್ಟಿ ರಕ್ತದಲ್ಲಿ ಹರಿದು ದೂರದ ಅವಯವಗಳಿಗೆ ಪ್ರೇರಣೆಯನ್ನೀಯುವ ದ್ರವ್ಯವು ಹಾರ್ಮೋನು. ಸ್ತ್ರೀಯರಲ್ಲಿ ಪ್ರಧಾನವಾದ ಈಸ್ಟ್ರೋಜೆನ್ನಿನ ಹೆಸರಿನ ಚರಿತ್ರೆ ವಿಚಿತ್ರವಾದದ್ದು. ದನಗಳನ್ನು ಕಚ್ಚಿ ದಿಕ್ಕೆಟ್ಟು ಓಡಿಸುವ ನೊಣಕ್ಕೆ ಗ್ರೀಕರು ‘ಓಯಿಸ್ಟ್ರೊಸ್’ ಎನ್ನುತ್ತಿದ್ದರು. ಅಲ್ಲಿಂದ ಉನ್ಮಾದವೆಂದೂ, ಹೆಣ್ಣುಪ್ರಾಣಿಗಳ ಬೆದೆಯೆಂದೂ ಅರ್ಥವು ವ್ಯಾಪಿಸಿ, ಕಡೆಗೆ ಅದು ಈ ದ್ರವ್ಯಕ್ಕೆ ಹೆಸರಾಗಿ ನಿಂತಿತು. ೧೯೨೯ರಲ್ಲಿ ಅಮೆರಿಕದಲ್ಲಿ ಡಾಯ್ಸಿಯೂ ಜರ್ಮನಿಯಲ್ಲಿ ಬುಟೆನಾಂಟನೂ ಇದರ ಒಂದು ಭೇದವಾದ ಈಸ್ಟ್ರೋನನ್ನು ಪ್ರತ್ಯೇಕಿಸಿದರು. ಯೌವನದಲ್ಲಿ ಅಂಡಾಶಯದಿಂದ ಹೇರಳವಾಗಿ ಬರುವ ಈಸ್ಟ್ರಡಯೋಲ್ ಎಂಬುದು ಇನ್ನೊಂದು ಭೇದ, ಮೊದಲಿನದಕ್ಕಿಂತ ಬಲವತ್ತರವಾದದ್ದು.

ಕೋಶದ ಮುಪ್ಪಿಗೂ ಇದಕ್ಕೂ ಸಂಬಂಧವನ್ನು ಕಲ್ಪಿಸಲು ಎರಡು ಆಧಾರಗಳಿವೆ. ಸ್ತ್ರೀಯರ ಅಂತ್ಯಭಾಗಗಳು ಸಮವಯಸ್ಕರಾದ ಪುರುಷರವುಗಳಿಗಿಂತ ಸರಾಸರಿಯಲ್ಲಿ ಉದ್ದವಾಗಿರುವುದು ಅನೇಕ ದೇಶಗಳ ಪರಿಶೀಲನೆಗಳಿಂದ ಕಂಡುಬಂದಿದೆ. ಟೆಲೊಮರೇಸನ್ನು ರಚಿಸುವ ಜೀನಿನ ಮೇಲೆ ಈಸ್ಟ್ರೋಜೆನ್ ನೇರವಾಗಿ ವರ್ತಿಸಿ ಅದನ್ನು ಎಚ್ಚರಿಸುತ್ತದೆಂಬುದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಲ್ಲಿ ೧೯೯೯ರಲ್ಲಿ ಸಿದ್ಧಪಟ್ಟಿತು. ಇವೆರಡನ್ನು ಜೋಡಿಸಿ, ಹಾರ್ಮೋನು ಇರುವವರೆಗೆ ಕುಚ್ಚಿನ ಸವೆತಕ್ಕೆ ತಡೆಯಿರುತ್ತದೆ ಎಂದು ಊಹಿಸುವುದು ಸಹಜ. ಆದರೆ ಊಹೆಯೇ ಸಿದ್ಧಾಂತವಲ್ಲ. ಹೆಣ್ಣುಗಂಡುಗಳ ಈ ವ್ಯತ್ಯಾಸಕ್ಕೆ ವರ್ಣತಂತುಗಳ ಭೇದ ಮೊದಲಾದ ಬೇರೆ ಕಾರಣಗಳೂ ಇರಬಹುದಾಗಿದೆ.

ಋತುನಿವೃತ್ತಿಯ ಕಾಲವು ಈ ವಿಚಾರದಲ್ಲಿ ನಿಕಷದಂತಿದೆ. ಹನ್ನೆರಡನೆಯ ವರ್ಷದಲ್ಲಿ ತೊಡಗಿದ ಆರ್ತವವು ಜರೆಯಿಂದ ಪಕ್ವವಾದ ಶರೀರದಲ್ಲಿ ಐವತ್ತನೆಯ ವರ್ಷಕ್ಕೆ ಕ್ಷಯಿಸುವುದೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಇಂದು ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ ಐವತ್ತೊಂದನೆಯ ವರ್ಷದಲ್ಲಿಯೂ, ಭಾರತದಲ್ಲಿ ಅದಕ್ಕಿಂತ ಕೆಲವು ವರ್ಷ ಮೊದಲು, ಸುಮಾರು ೪೬-೪೭ನೆಯ ವರ್ಷದಲ್ಲಿಯೂ ಸಂಭವಿಸುತ್ತದೆ. ಆಗ ಅಂಡಾಶಯದ ಈಸ್ಟ್ರಡಯೋಲ್ ಬಹುಮಟ್ಟಿಗೆ ನಿಂತುಹೋಗುತ್ತದೆ. ಮಾರ್ಗನ್ ಲೆವಿನ್, ಹೋರ್ವತ್ ಮೊದಲಾದವರು ೨೦೧೬ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಋತುವು ಬೇಗನೆ ನಿಂತವರ ರಕ್ತಕೋಶಗಳ ವಯಸ್ಸು ಮೇಲೆ ಹೇಳಿದ ಗುರುತುಗಳ ಮಾನದಿಂದ ಹೆಚ್ಚಾಗಿರುವುದು ಕಂಡುಬಂದಿತು. ಶಸ್ತ್ರಕ್ರಿಯೆಯಿಂದ ಎರಡು ಅಂಡಾಶಯಗಳನ್ನೂ ಕಳೆದುಕೊಂಡವರಲ್ಲಿಯೂ ಹಾಗೆಯೇ ಕಂಡಿತು. ಹಾರ್ಮೋನನ್ನು ಔಷಧವಾಗಿ ಸೇವಿಸಿದವರ ಕೆನ್ನೆಯ ಒಳಪದರದ ಕೋಶಗಳು ಸ್ವಲ್ಪ ಕಿರಿಯವಾಗಿ ತೋರಿದವು. ಮುಪ್ಪಿನಿಂದ ಋತುವು ನಿಲ್ಲುವುದೆಂಬ ಹಳೆಯ ತಿಳಿವಳಿಕೆಯೊಂದಿಗೆ, ಋತುವು ನಿಲ್ಲುವುದರಿಂದಲೂ ಮುಪ್ಪು ತ್ವರೆಗೊಳ್ಳಬಹುದೆಂಬ ಹೊಸ ಪಕ್ಷವು ಹೀಗೆ ಬಲಗೊಂಡಿತು.

೪. ಮೇದಸ್ಸಿನ ಎರಡು ಮುಖಗಳು

ಇನ್ನು ತೂಕದ ವಿಚಾರ. ಲಂಡನ್ನಿನ ಯಮಳಸೋದರಿಯರ ಸಂಶೋಧನಾಲಯದ ಪರವಾಗಿ ಅನಾ ವಾಲ್ಡೆಸ್ ಮೊದಲಾದವರು ೨೦೦೫ರಲ್ಲಿ ೧,೧೨೨ ಮಂದಿ ಸ್ತ್ರೀಯರ ಅಂತ್ಯಭಾಗಗಳನ್ನು ಅಳೆದು ಫಲಿತಾಂಶವನ್ನು ಪ್ರಕಟಿಸಿದರು. ವಯಸ್ಸು ಒಂದೊಂದು ವರ್ಷ ಹೆಚ್ಚಿದಂತೆ ಸರಾಸರಿ ೨೭ ಅಕ್ಷರಜೋಡಿಗಳಷ್ಟು ಸವೆತವು ಕಂಡಿತು. ಸ್ಥೂಲಶರೀರದ ಸ್ತ್ರೀಯರಲ್ಲಿ ಕೃಶರಿಗಿಂತ ಅಂತ್ಯಭಾಗವು ೨೪೦ ಜೋಡಿಗಳಷ್ಟು ಗಿಡ್ಡವಾಗಿತ್ತು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು ಒಂಬತ್ತು ವರ್ಷಗಳ ಅಂತರವಾಗುತ್ತದೆ. ಹೋರ್ವತನೂ ಆತನ ಸಂಗಡಿಗರೂ ೨೦೧೪ರಲ್ಲಿ ಯಕೃತ್ತಿನ ಕೋಶಗಳನ್ನು ಪರೀಕ್ಷಿಸಿ, ತೂಕದ ಸೂಚ್ಯಂಕವು ಹತ್ತು ಹೆಚ್ಚಿದರೆ ಯಕೃತ್ತಿನ ವಯಸ್ಸು ೩.೩ ವರ್ಷ ಮುಂದೆ ಹೋಗಿರುವುದನ್ನು ಕಂಡರು. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಈ ಸೂಚ್ಯಂಕ.

ಇದರ ಕಾರಣವು ಕೊಬ್ಬಿನ ಭಾರವಷ್ಟೇ ಆಗಿರದೆ, ಕೊಬ್ಬು ಮಾಡುವ ಕೆಲಸವಾಗಿದೆ. ಮೇದಸ್ಸನ್ನು ಹಿಂದೆ ಜಡವಾದ ಉಗ್ರಾಣವೆಂದು ತಿಳಿದಿದ್ದರು. ೧೯೯೪ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಮೇದಸ್ಸಿನಿಂದಲೇ ಸ್ರವಿಸುವುದೆಂದು ತಿಳಿದ ಮೇಲೆ ಅದೂ ಒಂದು ಗ್ರಂಥಿಯೆಂಬುದು ಸ್ಪಷ್ಟವಾಯಿತು. ಮಿತಿಮೀರಿ ಉಬ್ಬಿದ ಮೇದಃಕೋಶಗಳು ಉರಿಯೂತವನ್ನುಂಟುಮಾಡುವ ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತವೆ. ಉರಿಯೂತವಿದ್ದಲ್ಲಿ ರಕ್ಷಕ ಕೋಶಗಳು ಮೇಲಿಂದ ಮೇಲೆ ಇಬ್ಭಾಗವಾಗಬೇಕಾಗುತ್ತದೆ. ಆಮ್ಲಜನಕದ ಉಗ್ರಕಣಗಳು ಅಂತ್ಯಭಾಗವನ್ನು ನೇರವಾಗಿಯೂ ಕೆಡಿಸುತ್ತವೆ. ವಿಭಜನೆಯನ್ನು ನಿಲ್ಲಿಸಿಯೂ ಸಾಯದೆ ಉಳಿದ ಮುದಿಕೋಶಗಳು ಮೇದಸ್ಸಿನಲ್ಲಿ ಸೇರಿಕೊಂಡು ತಾವೂ ಅಂಥ ದ್ರವ್ಯಗಳನ್ನು ಸೂಸುತ್ತ ನೆರೆಯ ಕೋಶಗಳನ್ನು ಕೆಡಿಸುತ್ತವೆ.

ಇದು ಮೇದಸ್ಸಿನ ಒಂದು ಮುಖ. ಇನ್ನೊಂದು ಮುಖವನ್ನು ನೋಡದೆ ಸ್ತ್ರೀಯರ ವಿಷಯದಲ್ಲಿ ತೀರ್ಪು ಕೊಡಲಾಗದು. ಅಂಡಾಶಯವು ವಿರಮಿಸಿದ ಮೇಲೆ ಸ್ತ್ರೀಶರೀರದಲ್ಲಿ ಈಸ್ಟ್ರೋಜೆನ್ ಹುಟ್ಟುವ ಮುಖ್ಯಸ್ಥಾನವು ಮೇದಸ್ಸೇ ಆಗಿದೆ. ಮೂತ್ರಪಿಂಡದ ಮೇಲಿರುವ ಗ್ರಂಥಿಗಳಿಂದ ಬರುವ ಪುಂಹಾರ್ಮೋನನ್ನು ‘ಅರೊಮಟೇಸ್’ ಎಂಬ ಕಿಣ್ವದ ಮೂಲಕ ಮೇದಸ್ಸು ಈಸ್ಟ್ರೋನನ್ನಾಗಿ ಪರಿವರ್ತಿಸುತ್ತದೆ. ಆದ್ದರಿಂದ ವೃದ್ಧೆಯರಲ್ಲಿ ಮೈತುಂಬಿದವರಿಗೆ ಈಸ್ಟ್ರೋಜೆನ್ ಹೆಚ್ಚು, ತೀರ ಬಡಕಲಾದವರಿಗೆ ಕಡಿಮೆ. ಬಡಕಲು ಮುದುಕಿಯರ ತೊಡೆಯೆಲುಬು ಸುಲಭವಾಗಿ ಮುರಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಇದೇ ಈಸ್ಟ್ರೋಜೆನ್ ಸ್ಥೂಲೆಯರಾದ ವೃದ್ಧೆಯರಲ್ಲಿ ಸ್ತನದ ಮತ್ತು ಗರ್ಭಕೋಶದ ಅರ್ಬುದರೋಗದ ಸಂಭವವನ್ನು ಹೆಚ್ಚಿಸುತ್ತದೆ. ಮೇದಸ್ಸು ತಾನು ಉರಿಯೂತದಿಂದ ಕೋಶವನ್ನು ಮುದಿಯಾಗಿಸುತ್ತದೆ, ತಾನೇ ಹಾರ್ಮೋನನ್ನೂ ಒದಗಿಸುತ್ತದೆ. ಹಾರ್ಮೋನು ಹೆಚ್ಚಿದ್ದರೆ ಕೋಶವು ಕಿರಿಯದಾಗಿರುವುದೆಂಬ ಸರಳ ಸೂತ್ರವು ಇಲ್ಲಿಯೇ ಮುರಿದುಬೀಳುತ್ತದೆ.

ಮೇದಸ್ಸು ಇರುವ ಸ್ಥಾನವೂ ಗಣನೀಯ. ಯೌವನದಲ್ಲಿ ಈಸ್ಟ್ರೋಜೆನ್ನಿನ ಪ್ರೇರಣೆಯಿಂದ ಅದು ನಿತಂಬ, ತೊಡೆಗಳಲ್ಲಿ ಸೇರುತ್ತದೆ. ಋತುನಿವೃತ್ತಿಯ ತರುವಾಯ ಹೊಟ್ಟೆಯೊಳಗಿನ ಅವಯವಗಳ ಸುತ್ತ ಸೇರತೊಡಗುತ್ತದೆ. ಉರಿಯೂತಕ್ಕೆ ವಿಶೇಷವಾಗಿ ಕಾರಣವಾಗುವುದು ಈ ಎರಡನೆಯದು. ಭಾರತೀಯರಲ್ಲಿ ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿರುವುದುಂಟೆಂದು ಪುಣೆಯ ಚಿತ್ತರಂಜನ ಯಾಜ್ಞಿಕರು ತೋರಿಸಿದ್ದಾರೆ. ಅಪಾಯವು ಬೇಗನೆ ತೊಡಗುವುದರಿಂದ ಏಷ್ಯದ ಜನರಿಗೆ ಸೂಚ್ಯಂಕವು ೨೩ನ್ನು ದಾಟಿದಾಗಲೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೨೦೦೪ರಲ್ಲಿ ಸೂಚಿಸಿದರು.

೫. ಆಯುರ್ವೇದದ ಮಾತುಗಳ ಇತಿಮಿತಿ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲ, ಅತಿಕೃಶ ಎಂಬಿಬ್ಬರ ವಿಷಯಕ್ಕೆ ಮೀಸಲಾದ ಅಧ್ಯಾಯವೊಂದಿದೆ. ಅತಿಸ್ಥೂಲನಿಗೆ ಒದಗುವ ಎಂಟು ದೋಷಗಳಲ್ಲಿ ಮೊದಲನೆಯದಾಗಿ ಆಯುಸ್ಸಿನ ಹ್ರಾಸವನ್ನು ಅಲ್ಲಿ ಎಣಿಸಿದೆ. ಮೇದಸ್ಸೊಂದೇ ಬೆಳೆದು ಉಳಿದ ಧಾತುಗಳು ಪೋಷಣೆಯಿಲ್ಲದೆ ಹೋಗುವುದನ್ನು ಕಾರಣವಾಗಿ ಹೇಳಿದೆ. ಸಪ್ತಧಾತುಗಳ ಕ್ರಮದಲ್ಲಿ ಮೇದಸ್ಸಿನ ತರುವಾಯ ಅಸ್ಥಿಯು ಬರುತ್ತದೆ. ಇದನ್ನು ನೋಡಿ, ಮೇದಸ್ಸಿನ ಈಸ್ಟ್ರೋಜೆನ್ ಎಲುಬನ್ನು ಕಾಯುವುದನ್ನೂ ಆಯುರ್ವೇದವು ಅರಿತಿತ್ತೆಂದು ಸಾಧಿಸಹೊರಡುವವರು ಇರಬಹುದು. ಅದು ಸರಿಯಲ್ಲ. ಒಂದು ಧಾತುವು ಇನ್ನೊಂದಾಗಿ ಪರಿಣಮಿಸುವುದೆಂಬ ಹಳೆಯ ಸಿದ್ಧಾಂತವೂ, ಒಂದು ಕಿಣ್ವವು ಹಾರ್ಮೋನನ್ನು ರಚಿಸುವುದೆಂಬ ಹೊಸ ನಿರ್ಣಯವೂ ಬೇರೆ ಬೇರೆ. ಅವುಗಳ ಸಾಮ್ಯವು ಕಾಕತಾಳೀಯ. ಸ್ಥೂಲರು ಅಲ್ಪಾಯುಗಳೆಂಬ ಅವಲೋಕನಕ್ಕೆ ಪ್ರಾಚೀನರಿಗೆ ಸಲ್ಲತಕ್ಕ ಗೌರವ ಸಲ್ಲಬೇಕು. ಕೋಶವನ್ನು ಕಾಣುವ ಉಪಕರಣವಿಲ್ಲದವರಿಗೆ ಕೋಶಜ್ಞಾನವನ್ನು ಆರೋಪಿಸುವುದರಿಂದ ಅವರಿಗೆ ಗೌರವವಾಗದು.

ಅತಿಕಾರ್ಶ್ಯವೂ ದೋಷವೆಂಬ ಚರಕನ ಮಾತು ಈ ದೇಶಕ್ಕೆ ಇಂದಿಗೂ ಅನ್ವಯಿಸುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೨೪ ಮಂದಿಯ ತೂಕವು ಮಿತಿಮೀರಿತ್ತು, ನೂರಕ್ಕೆ ೧೮.೭ ಮಂದಿಯ ತೂಕವು ಬೇಕಾದುದಕ್ಕಿಂತ ಕಡಿಮೆಯಿತ್ತು. ತೂಕವು ತೀರ ಇಳಿದಾಗ ಋತುವೇ ನಿಂತು, ಈಸ್ಟ್ರೋಜೆನ್ ಕುಗ್ಗಿ, ಎಲುಬು ಸವೆಯುವುದುಂಟು.

೬. ಪ್ರಮಾಣವಿಚಾರ

ಎರಡು ವಸ್ತುಗಳು ಒಟ್ಟಿಗೆ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಇದ್ದರೆ ಇರುವಿಕೆಯೆಂಬ ಅನ್ವಯದೊಡನೆ ಇಲ್ಲದಿದ್ದರೆ ಇಲ್ಲದಿರುವಿಕೆಯೆಂಬ ವ್ಯತಿರೇಕವೂ ಬೇಕು. ಮಧ್ಯದಲ್ಲಿ ಅನ್ಯಕಾರಣವು ನುಸುಳಿಲ್ಲವೆಂಬುದೂ ಸಿದ್ಧವಾಗಬೇಕು. ತರ್ಕಶಾಸ್ತ್ರದ ಈ ಪ್ರಥಮಪಾಠವನ್ನು ಮರೆತುದರ ಫಲವನ್ನು ಹಾರ್ಮೋನು ಚಿಕಿತ್ಸೆಯ ಚರಿತ್ರೆಯಲ್ಲಿ ಕಾಣಬಹುದು.

೧೯೬೬ರಲ್ಲಿ ನ್ಯೂಯಾರ್ಕಿನ ರಾಬರ್ಟ್ ವಿಲ್ಸನ್ ಎಂಬ ವೈದ್ಯನು ‘ಫೆಮಿನೈನ್ ಫಾರೆವರ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಋತುನಿವೃತ್ತಿಯು ಹಾರ್ಮೋನಿನ ಕೊರತೆಯಿಂದಾದ ರೋಗ, ಈಸ್ಟ್ರೋಜೆನ್ ಗುಳಿಗೆಗಳಿಂದ ಸ್ತ್ರೀಯು ಚಿರಯೌವನವನ್ನು ಹೊಂದಬಹುದು ಎಂಬುದು ಅದರ ಸಾರ. ಗುಳಿಗೆಗಳ ಪ್ರಚಾರ ಬೆಳೆಯಿತು. ೧೯೭೫ರಲ್ಲಿ, ಈಸ್ಟ್ರೋಜೆನ್ನೊಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಅರ್ಬುದವು ಹೆಚ್ಚಾಗಿರುವುದು ಬಯಲಾಯಿತು. ಅದನ್ನು ತಡೆಯಲು ಇನ್ನೊಂದು ಹಾರ್ಮೋನನ್ನು ಕೂಡಿಸಿ ಕೊಡತೊಡಗಿದರು. ೧೯೯೧ರಲ್ಲಿ ಅಮೆರಿಕದ ದಾದಿಯರನ್ನು ಅನೇಕ ವರ್ಷ ಅವಲೋಕಿಸಿದ ವರದಿಯು, ಹಾರ್ಮೋನು ಸೇವಿಸಿದವರಲ್ಲಿ ಹೃದ್ರೋಗವು ಕಡಿಮೆಯೆಂದು ಹೇಳಿತು. ಆದರೆ ಸೇವಿಸಿದವರೂ ಸೇವಿಸದವರೂ ತಮ್ಮ ಇಚ್ಛೆಯಿಂದ ಹಾಗಾದವರು. ಔಷಧವನ್ನು ತಾವಾಗಿ ಆರಿಸಿಕೊಂಡವರು ಮೊದಲೇ ಹೆಚ್ಚು ಆರೋಗ್ಯವಂತರೂ ಅನುಕೂಲಸ್ಥರೂ ಆಗಿರುವುದು ಸಂಭವನೀಯ. ಅನ್ಯಕಾರಣವು ನುಸುಳಲು ಇಷ್ಟು ಎಡೆಯು ಸಾಕು.

ನಿಜವಾದ ಅನ್ವಯವ್ಯತಿರೇಕಪರೀಕ್ಷೆಯು ನಡೆದದ್ದು ಅನಂತರ. ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ಅಮೆರಿಕದ ಮಹಾಪರೀಕ್ಷೆಯಲ್ಲಿ ೫೦ರಿಂದ ೭೯ ವರ್ಷದ ೧೬,೬೦೮ ಸ್ತ್ರೀಯರನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ಮಾಡಿ, ಒಂದಕ್ಕೆ ಎರಡು ಹಾರ್ಮೋನುಗಳ ಗುಳಿಗೆಯನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. ೨೦೦೨ರ ಜುಲೈ ತಿಂಗಳಿನಲ್ಲಿ, ಸರಾಸರಿ ೫.೨ ವರ್ಷಗಳು ಕಳೆದಿದ್ದಾಗ, ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಹಾರ್ಮೋನು ಸೇವಿಸಿದ ೧೦,೦೦೦ ಸ್ತ್ರೀಯರಲ್ಲಿ ವರ್ಷವೊಂದಕ್ಕೆ ಸ್ತನದ ಅರ್ಬುದವು ೮, ಹೃದ್ರೋಗವು ೭, ಪಾರ್ಶ್ವವಾಯು ೮, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆಯು ೮ ಹೆಚ್ಚಾಗಿದ್ದವು. ದೊಡ್ಡಕರುಳಿನ ಅರ್ಬುದವು ೬, ತೊಡೆಯೆಲುಬಿನ ಮುರಿತವು ೫ ಕಡಿಮೆಯಾಗಿದ್ದವು. ಹೃದಯವನ್ನು ರಕ್ಷಿಸುವುದೆಂದು ನಂಬಿದ್ದ ಔಷಧವು ಆ ಕಾರ್ಯವನ್ನು ಮಾಡಲಿಲ್ಲ.

ಇಲ್ಲಿಗೆ ಹಾರ್ಮೋನು ಚಿಕಿತ್ಸೆಯೇ ತ್ಯಾಜ್ಯವೆಂದು ಹೇಳುವುದೂ ಆತುರವೇ. ಆ ಪರೀಕ್ಷೆಯ ಸ್ತ್ರೀಯರ ಸರಾಸರಿ ವಯಸ್ಸು ೬೩. ಅರುವತ್ತರೊಳಗಿನವರಲ್ಲಿ, ಋತುವು ನಿಂತು ಹತ್ತು ವರ್ಷ ಕಳೆಯದವರಲ್ಲಿ, ಲಾಭಹಾನಿಗಳ ಲೆಕ್ಕವು ಹೆಚ್ಚು ಅನುಕೂಲವಾಗಿರುವುದೆಂದು ಮುಂದಿನ ಪರಿಶೀಲನೆಗಳು ತೋರಿಸಿದವು. ಮೈಬಿಸಿಯೇರಿ ಬೆವರುವ ಬಾಧೆಗೆ ಇದು ಪರಿಣಾಮಕಾರಿಯಾದ ಮದ್ದೆಂಬುದರಲ್ಲಿ ವಿವಾದವಿಲ್ಲ. ಬಾಧೆಗೆ ಮದ್ದು ಎಂಬುದು ಒಂದು ಮಾತು. ಮುಪ್ಪಿಗೆ ರಸಾಯನ ಎಂಬುದು ಬೇರೊಂದು ಮಾತು. ಮೊದಲನೆಯದಕ್ಕೆ ಪ್ರಮಾಣವಿದೆ, ಎರಡನೆಯದಕ್ಕೆ ಇಲ್ಲ.

ಅಂತ್ಯಭಾಗಗಳಿಗೂ ಈ ನ್ಯಾಯವೇ ಅನ್ವಯಿಸುತ್ತದೆ. ವಾಲ್ಡೆಸ್ ಅವರ ಅಳತೆಯು ಒಂದು ಕಾಲದ ಚಿತ್ರ. ಸ್ಥೂಲತೆಯಿಂದ ಸವೆತವಾಯಿತೇ, ಇವೆರಡಕ್ಕೂ ಕಾರಣವಾದ ಬಡತನ, ಆಹಾರ, ನಿದ್ರಾಭಂಗ ಮೊದಲಾದುವು ಇವೆಯೇ ಎಂಬುದನ್ನು ಅದೊಂದರಿಂದಲೇ ನಿರ್ಣಯಿಸಲಾಗದು. ಶಸ್ತ್ರಕ್ರಿಯೆಯಿಂದ ತೂಕವನ್ನು ಶೀಘ್ರವಾಗಿ ಇಳಿಸಿಕೊಂಡವರ ಯಕೃತ್ತಿನ ವಯಸ್ಸು ಒಂಬತ್ತು ತಿಂಗಳೊಳಗೆ ಹಿಂದಕ್ಕೆ ಬಂದುದು ಹೋರ್ವತನ ಪರಿಶೀಲನೆಯಲ್ಲಿ ಕಾಣಲಿಲ್ಲ. ಮೇಲಾಗಿ ಕುಚ್ಚು ಉದ್ದವಾದಷ್ಟೂ ಒಳಿತೆಂಬುದೂ ನಿಲ್ಲುವ ಮಾತಲ್ಲ. ಅರ್ಬುದದ ಕೋಶಗಳಲ್ಲಿ ಬಹುಪಾಲು ಟೆಲೊಮರೇಸನ್ನು ಎಚ್ಚರಿಸಿಕೊಂಡೇ ಸಾವಿಲ್ಲದಂತೆ ಬೆಳೆಯುತ್ತವೆಂದು ೧೯೯೪ರಲ್ಲಿಯೇ ಗೊತ್ತಾಗಿತ್ತು. ಕೋಶದ ಮುಪ್ಪು ಒಡಲಿಗೆ ಹಾನಿಯನ್ನುಂಟುಮಾಡುವಂತೆಯೇ, ಕೆಟ್ಟ ಕೋಶದ ಬೆಳವಣಿಗೆಗೆ ಕಟ್ಟೆಯಾಗಿಯೂ ನಿಲ್ಲುತ್ತದೆ.

೭. ಉಪಸಂಹಾರ

ಇದುವರೆಗೆ ವಿಚಾರಿಸಿದುದರಿಂದ ಮೂರು ನಿರ್ಣಯಗಳು ದೊರೆಯುತ್ತವೆ. ಕೋಶಕ್ಕೆ ಮುಪ್ಪುಂಟು, ಅದರ ವೇಗವು ಎಲ್ಲರಲ್ಲಿಯೂ ಒಂದೇ ಅಲ್ಲ ಎಂಬುದು ಸಿದ್ಧ. ಹೊಟ್ಟೆಯೊಳಗಿನ ಅಧಿಕ ಮೇದಸ್ಸೂ, ಅಂಡಾಶಯದ ಅಕಾಲನಿವೃತ್ತಿಯೂ ಆ ವೇಗವನ್ನು ಹೆಚ್ಚಿಸುತ್ತವೆಂಬುದು ಬಲವಾದ ಸಂಭಾವನೆ. ಹಾರ್ಮೋನನ್ನು ಹೊರಗಿನಿಂದ ಕೊಟ್ಟು ಯೌವನವನ್ನು ಉಳಿಸಬಹುದೆಂಬುದು ಪರೀಕ್ಷೆಯ ಮುಂದೆ ನಿಲ್ಲದ ಉತ್ಪ್ರೇಕ್ಷೆ.

ಎರಡನೆಯ ನಿರ್ಣಯದಿಂದ ಈ ದೇಶಕ್ಕೆ ಸಂಬಂಧಿಸಿದ ಒಂದು ಕರ್ತವ್ಯವು ಹೊರಡುತ್ತದೆ. ಭಾರತದ ಅನೇಕ ಕಡೆಗಳಲ್ಲಿ ಬಡ ಸ್ತ್ರೀಯರ ಗರ್ಭಕೋಶವನ್ನು, ಹಲವು ವೇಳೆ ಅಂಡಾಶಯಗಳ ಸಮೇತ, ಮೂವತ್ತು ನಲವತ್ತರ ವಯಸ್ಸಿನಲ್ಲಿಯೇ ಅವಶ್ಯಕತೆಯಿಲ್ಲದೆ ತೆಗೆಯುತ್ತಿರುವ ದೂರು ನ್ಯಾಯಪೀಠದ ಮುಂದೆ ಬಂದು, ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರಸರ್ಕಾರದ ಮಾರ್ಗಸೂತ್ರಗಳನ್ನು ರಾಜ್ಯಗಳು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ೨೦೨೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಮಕ್ಕಳಾದ ಮೇಲೆ ಆ ಅವಯವಗಳಿಂದ ಪ್ರಯೋಜನವಿಲ್ಲವೆಂಬ ತಪ್ಪು ತಿಳಿವಳಿಕೆಯು ಇದರ ಮೂಲದಲ್ಲಿದೆ. ಅಂಡಾಶಯವು ಸಂತಾನಕ್ಕೆ ಮಾತ್ರವಲ್ಲದೆ ಎಲುಬು, ರಕ್ತನಾಳ, ಮೇದಸ್ಸಿನ ಸ್ಥಾನ, ಪ್ರಾಯಶಃ ಕೋಶಗಳ ಆಯುಸ್ಸು, ಇವೆಲ್ಲಕ್ಕೂ ಸಂಬಂಧಪಟ್ಟದ್ದು. ಅರ್ಬುದವೇ ಮೊದಲಾದ ಪ್ರಬಲಕಾರಣವಿಲ್ಲದೆ ಅದನ್ನು ತೆಗೆಯುವುದು ಮುಪ್ಪನ್ನು ಕರೆದು ತಂದಂತೆ.

ತೂಕದ ವಿಷಯದಲ್ಲಿ ಹೇಳತಕ್ಕುದು ಇಷ್ಟೆ: ತಕ್ಕಡಿಯ ಸಂಖ್ಯೆಯೊಂದರಿಂದ ಸ್ತ್ರೀಯ ಆರೋಗ್ಯವನ್ನು ಅಳೆಯಲಾಗದು, ಮೇದಸ್ಸು ಎಲ್ಲಿದೆ, ಯಾವ ವಯಸ್ಸಿನಲ್ಲಿದೆ ಎಂಬುದನ್ನೂ ನೋಡಬೇಕು. ಅತಿಯಾಗಿ ಕೂಡಿದರೂ ಅತಿಯಾಗಿ ಕರಗಿದರೂ ಕೇಡೇ. ಉಪಚಯವು ಮಿತಿಯಲ್ಲಿರುವವರೆಗೆ ದೇಹವು ಶರೀರವನ್ನು ಕಾಯುತ್ತದೆ; ಮಿತಿ ಮೀರಿದಾಗ ಸವೆಯಿಸುತ್ತದೆ.